ಆಲಾಪನೆ ಕೇಳಿದರೆ ಕಣ್ಣು ತುಂಬುವುದೇಕೆ?

ಪ್ರಶ್ನೆ: ನಾನು ಸಂಗೀತ ಕಲಿತವಳಲ್ಲ. ಆದರೂ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಯಲ್ಲಿ ಆಲಾಪನೆ ಕೇಳುತ್ತಾ ಮೈ ಜುಮ್ಮೆಂದಿತು, ಕಣ್ಣಲ್ಲಿ ನೀರು ಬಂತು. ಅದೇ ಕಲಾವಿದರ ಅದೇ ರಾಗವನ್ನು ಮೊಬೈಲ್‌ನಲ್ಲಿ ಕೇಳಿದರೆ ಹಾಗಾಗುವುದಿಲ್ಲ. ಇನ್ನೊಂದು, ಕಛೇರಿಯ ನಡುವೆ ಮನಸ್ಸು ಎಲ್ಲೆಲ್ಲೋ ಹೋಗುತ್ತದೆ. ಇದೆಲ್ಲ ಸಹಜವೇ?
– ಓದುಗರೊಬ್ಬರು, ಬಸವನಗುಡಿ

ಉತ್ತರ: ಖಂಡಿತ ಸಹಜ. ಕಣ್ಣು ತುಂಬಲು ರಾಗದ ಹೆಸರು ಗೊತ್ತಿರಬೇಕಿಲ್ಲ. ದೇವಸ್ಥಾನ, ಮದುವೆಮನೆ, ಬೆಳಗಿನ ರೇಡಿಯೊ ಅಂತ ವರ್ಷಗಟ್ಟಲೆ ಕಿವಿಗೆ ಬಿದ್ದಿರುತ್ತದಲ್ಲ, ಮುಂದಿನ ಸ್ವರ ಯಾವುದಿರಬಹುದು ಎಂದು ಮಿದುಳು ತಾನಾಗಿ ಊಹಿಸುತ್ತದೆ. ಆಲಾಪನೆಯಲ್ಲಿ, ಅಂದರೆ ಸಾಹಿತ್ಯ-ತಾಳಗಳಿಲ್ಲದೆ ರಾಗವನ್ನಷ್ಟೇ ಬೆಳೆಸುವಾಗ, ಗಾಯಕರು ನಿಷಾದದಲ್ಲೇ (‘ನಿ’ ಸ್ವರ) ಸುತ್ತಾಡಿ, ಇನ್ನೇನು ತಾರ ಷಡ್ಜ (ಮೇಲಿನ ‘ಸ’) ಮುಟ್ಟಿದರು ಅನ್ನುವಾಗ ಕೆಳಗಿಳಿದುಬಿಡುತ್ತಾರೆ. ಹೀಗೆ ಕಾಯಿಸಿ ಕಾಯಿಸಿ ಕೊನೆಗೊಮ್ಮೆ ಅಲ್ಲಿ ನಿಲ್ಲುತ್ತಾರೆ. ಎಷ್ಟೋ ಜನರಿಗೆ ಮೈ ಜುಮ್ಮೆನ್ನುವುದು ಅಲ್ಲೇ. 2011ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಸಂಶೋಧಕರು ಕೇಳುಗರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಜುಮ್ಮೆನ್ನುವ ಕ್ಷಣದಲ್ಲಷ್ಟೇ ಅಲ್ಲ, ಅದಕ್ಕೆ ಕಾಯುವ ಹೊತ್ತಿನಲ್ಲೂ ಖುಷಿಗೆ ಸಂಬಂಧಿಸಿದ ಡೋಪಮೈನ್ ಎಂಬ ರಾಸಾಯನಿಕ ಮಿದುಳಿನಲ್ಲಿ ಬಿಡುಗಡೆಯಾಗುತ್ತಿತ್ತು. ಅವರು ಕೇಳಿಸಿದ್ದು ರೆಕಾರ್ಡಿಂಗನ್ನೇ! ಹಾಗಾಗಿ ಪಾಪ, ಮೊಬೈಲನ್ನು ಪೂರ್ತಿ ಬೈಯುವಂತಿಲ್ಲ.

ಹಾಗಾದರೆ ಚಪ್ಪರದಲ್ಲಿ ಏನು ಜಾಸ್ತಿ? ಅಲ್ಲಿ ಹಾಡುವವರು ನಿಮ್ಮನ್ನೂ ನೋಡುತ್ತಿರುತ್ತಾರೆ. ಮುಂದಿನ ಸಾಲಿನಿಂದ ಒಂದು ‘ಭೇಷ್’ ಬಂದರೆ ಅದೇ ಸ್ವರಗುಚ್ಛವನ್ನು ಇನ್ನಷ್ಟು ಬೆಳೆಸುತ್ತಾರೆ. ಜ್ಯೂರಿಕ್‌ನ ಸಂಶೋಧಕರು ಇದಕ್ಕೆ ಹತ್ತಿರದ್ದನ್ನೇ ಮಾಡಿ ನೋಡಿ, 2024ರಲ್ಲಿ ಪ್ರಕಟಿಸಿದರು. ಕೇಳುಗರ ಮಿದುಳಿನಲ್ಲಿ ಭಾವನೆಗೆ ಸಂಬಂಧಿಸಿದ ಅಮಿಗ್ಡಲಾ ಭಾಗ ಹೇಗೆ ಸ್ಪಂದಿಸುತ್ತಿದೆ ಎಂಬುದನ್ನು ಪಿಯಾನೊ ನುಡಿಸುವವರಿಗೆ ಆಗಿಂದಾಗ ತಿಳಿಸಿದರು. ಅವರು ಅದಕ್ಕೆ ತಕ್ಕಂತೆ ನುಡಿಸಿದರು. ರೆಕಾರ್ಡಿಂಗ್‌ಗಿಂತ ನೇರ ವಾದನಕ್ಕೇ ಸ್ಪಂದನೆ ಹೆಚ್ಚಿತ್ತು. ಬರ್ಲಿನ್‌ನ ಕಛೇರಿಗಳಲ್ಲಿ ನಡೆಸಿದ ಇನ್ನೊಂದು ಅಧ್ಯಯನದಲ್ಲಿ ಸಭಿಕರ ಹೃದಯ ಬಡಿತದ ಏರಿಳಿತ ಒಂದಕ್ಕೊಂದು ಹೊಂದಿಕೊಳ್ಳುತ್ತಿದ್ದುದು ಕಂಡಿತು. ಇವೆಲ್ಲ ಪಾಶ್ಚಾತ್ಯ ಸಂಗೀತದ ಪ್ರಯೋಗಗಳು, ನಿಜ. ಆದರೆ ಮನೋಧರ್ಮದಿಂದ, ಅಂದರೆ ಸ್ಥಳದಲ್ಲೇ ಹೊಳೆದಂತೆ, ರಾಗ ಬೆಳೆಸುವ ನಮ್ಮ ಪದ್ಧತಿಯಲ್ಲಿ ಈ ಕೊಡುಕೊಳ್ಳುವಿಕೆ ಇನ್ನೂ ಜಾಸ್ತಿಯೇ ಇರಬೇಕು ಎಂಬುದು ನನ್ನ ಅನಿಸಿಕೆ. ಅಂದಹಾಗೆ, ಪಕ್ಕದವರಿಗೆ ಜುಮ್ಮೆನ್ನದಿದ್ದರೆ ಅವರು ಅರಸಿಕರೇನೂ ಅಲ್ಲ. ಕೆಲವರಿಗೆ ಅದು ಆಗುವುದೇ ಇಲ್ಲ.

ಇನ್ನು ಮನಸ್ಸು ಅಲೆಯುವುದು. ಮೂರು ಗಂಟೆ ಕೂತರೆ ಯಾರಿಗಾದರೂ ಅಲೆಯುತ್ತದೆ, ಬಿಡಿ. ಆದರೆ ತನಿ (ಮೃದಂಗದಂಥ ತಾಳವಾದ್ಯಗಳವರಷ್ಟೇ ನುಡಿಸುವ ಸರದಿ) ಶುರುವಾದ ಕೂಡಲೇ ಕಾಫಿಗೆ ಏಳುವವರ ಮೇಲೆ ನನಗೆ ತಕರಾರಿದೆ! ಆಗ ಸುಮ್ನೆ ಕೈಯಲ್ಲಿ ತಾಳ ಹಾಕಿ ನೋಡಿ. ಆದಿತಾಳವಾದರೆ ಎಂಟು ಎಣಿಕೆ, ಅಷ್ಟೇ. ಎಣಿಸುವ ಕೆಲಸ ಸಿಕ್ಕರೆ ಮನಸ್ಸು ಹಿಂದಿರುಗುತ್ತದೆ. ತಪ್ಪಿದರೆ ಪಕ್ಕದವರ ಕೈ ನೋಡಬೇಡಿ, ಅವರೂ ತಪ್ಪಿರಬಹುದು. ಗಾಯಕರ ಕೈ ನೋಡಿ.