ವೀರ್ಯಾಣುಗಳ ಸಂಖ್ಯೆ ಸರಿಯಿದ್ದರೂ ಚಲನೆ ಕಡಿಮೆಯಾಗಲು ಅಯಾನ್ ಚಾನೆಲ್‌ಗಳು ಕಾರಣವೇ?

ಚಿಂತಾಮಣಿಯಲ್ಲಿ ಕೊಟ್ಟ ಮಾದರಿಯ ವರದಿಯಲ್ಲಿ ವೀರ್ಯಾಣುಗಳ ಸಂಖ್ಯೆ ಸರಿಯಿದ್ದು ಚಲನೆ ಮಾತ್ರ ಕಡಿಮೆಯಿದೆ, ಇದಕ್ಕೆ ಅಯಾನ್ ಚಾನೆಲ್‌ಗಳ ದೋಷ ಕಾರಣವೇ ಎಂದು ಕೇಳಿದ್ದೀರಿ. ಇರಬಹುದು, ಆದರೆ ಮೊದಲು ಶಂಕಿಸಬೇಕಾದದ್ದು ಅದನ್ನಲ್ಲ.

ಜೀವಕೋಶದ ಪೊರೆಯಲ್ಲಿದ್ದು ಕ್ಯಾಲ್ಸಿಯಂ, ಪೊಟ್ಯಾಸಿಯಂಗಳಂಥ ವಿದ್ಯುದಾವೇಶವುಳ್ಳ ಕಣಗಳಿಗೆ ದಾರಿ ಬಿಡುವ ಪ್ರೋಟೀನುಗಳೇ ಅಯಾನ್ ಚಾನೆಲ್‌ಗಳು. ವೀರ್ಯಾಣುವಿನಲ್ಲಿ ಮುಖ್ಯವಾದದ್ದು 2001ರಲ್ಲಿ ಪತ್ತೆಯಾದ, ಬಾಲದಲ್ಲಿರುವ ಕ್ಯಾಟ್‌ಸ್ಪರ್. ಕೋಶದೊಳಗಿನ ಆಮ್ಲೀಯತೆ ತಗ್ಗಿ, ಅಂಡಾಣುವನ್ನು ಸುತ್ತುವರಿದ ಕೋಶಗಳು ಸ್ರವಿಸುವ ಪ್ರೊಜೆಸ್ಟರಾನ್ ತಾಗಿದಾಗ ಈ ಚಾನೆಲ್ ತೆರೆದು ಕ್ಯಾಲ್ಸಿಯಂ ಒಳನುಗ್ಗುತ್ತದೆ. ಅಲ್ಲಿಯವರೆಗೆ ಒಂದೇ ಲಯದಲ್ಲಿ ಆಡುತ್ತಿದ್ದ ಬಾಲವು ಚಾಟಿಯಂತೆ ಬೀಸತೊಡಗಿ, ಅಂಡಾಣುವಿನ ಹೊರಕವಚವನ್ನು ಭೇದಿಸುವಷ್ಟು ಬಲ ವೀರ್ಯಾಣುವಿಗೆ ಬರುತ್ತದೆ.

ಕ್ಯಾಟ್‌ಸ್ಪರ್ ಜೀನುಗಳಲ್ಲಿ ದೋಷವಿರುವ ಪುರುಷರು ವಿರಳ. ಅವರಲ್ಲಿ ಕೆಲವರಿಗೆ, ಪಕ್ಕದ ಜೀನೂ ಅಳಿಸಿಹೋಗಿರುವುದರಿಂದ, ಕಿವುಡುತನವೂ ಇರುತ್ತದೆ. ವಿಚಿತ್ರವೆಂದರೆ, ಸಾಮಾನ್ಯ ವೀರ್ಯ ಪರೀಕ್ಷೆಗೆ ಈ ದೋಷ ಸಿಕ್ಕದೆ ವರದಿ ಪೂರ್ತಿ ಸರಿಯೆಂದೇ ಬರುವುದುಂಟು. ಇಂಥವರಿಗೆ ವೀರ್ಯಾಣುವನ್ನು ನೇರವಾಗಿ ಅಂಡಾಣುವಿನೊಳಕ್ಕೆ ಚುಚ್ಚುವ ಇಕ್ಸಿ ವಿಧಾನದಿಂದ ಮಗುವಾಗುವ ಅವಕಾಶವಿದೆ.

ನಿಮ್ಮ ಮಟ್ಟಿಗೆ, ಮಾದರಿಯನ್ನು ಒಂದು ಗಂಟೆಯೊಳಗೆ ಪರೀಕ್ಷಿಸಿದರೇ ಎಂದು ಮೊದಲು ವಿಚಾರಿಸಿ (ಬೆಂಗಳೂರಿಗೆ ಬಸ್ಸಿನಲ್ಲಿ ಕಳಿಸಿದ್ದರೆ ಆ ಅಂಕಿಯನ್ನು ನಂಬುವಂತಿಲ್ಲ). ಮುಂದಕ್ಕೆ ಸಾಗುವ ವೀರ್ಯಾಣುಗಳು ಶೇ. 30ಕ್ಕಿಂತ ನಿಜವಾಗಿಯೂ ಕಡಿಮೆಯಿದ್ದರೆ, ವೃಷಣದ ರಕ್ತನಾಳಗಳು ಊದಿಕೊಳ್ಳುವ ವೆರಿಕೋಸೀಲ್, ಸೋಂಕು, ಧೂಮಪಾನ ಇವುಗಳ ಬಗ್ಗೆ ವೈದ್ಯರೊಡನೆ ಚರ್ಚಿಸಿ. ಹೊಸ ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕಾಗುವುದರಿಂದ, ಚಿಕಿತ್ಸೆಯ ಫಲ ತಿಳಿಯಲು ಮೂರು ತಿಂಗಳ ನಂತರ ಪರೀಕ್ಷೆ ಮಾಡಿಸುವುದು ಸೂಕ್ತ.