ಸಾಹಿತ್ಯ ಪುಸ್ತಕದಲ್ಲಿತ್ತು, ರಾಗ ದೊಡ್ಡಮ್ಮನ ಗಂಟಲಲ್ಲಿತ್ತು

ನೀವು ಕೇಳಿದ್ದು ಇಷ್ಟು: ಅಜ್ಜಿ ಬರೆದ ಹಾಡುಗಳ ನೋಟ್‌ಬುಕ್ ಇದೆ, ಅಪ್ಪ ಹಾಡಿದ ಒಂದೆರಡು ಕ್ಯಾಸೆಟ್ ಇವೆ, ನೀವೂ ಹಾಡು ಬರೆಯುತ್ತೀರಿ. ಎಲ್ಲ ಸೇರಿಸಿ ಒಂದು ಆಲ್ಬಮ್ ಮಾಡಬೇಕು. ಎಲ್ಲಿಂದ ಶುರು ಮಾಡೋದು? ಹಳೇ ದನಿಗಳನ್ನು ಹಾಗೇ ಇಡೋದಾ, ಎಲ್ಲವನ್ನೂ ಹೊಸದಾಗಿ ಹಾಡಿಸೋದಾ?

ನಮ್ಮ ಮನೆಯಲ್ಲಿ ಇದೇ ಕೆಲಸ ಮಾಡಿದೆವು. ಮುತ್ತಜ್ಜಿ, ಅಜ್ಜಿ, ಅಮ್ಮ, ನಾನು. ನಾಲ್ಕು ತಲೆಮಾರು, 11 ಹಾಡು, ಸುಮಾರು 2 ವರ್ಷ. ಅದರಲ್ಲಿ ಮೊದಲ 6 ತಿಂಗಳು ನಾನು ಮಾಡಿದ್ದು ತಪ್ಪು. ಅದನ್ನೇ ಮೊದಲು ಹೇಳುತ್ತೇನೆ.

ಸ್ಟುಡಿಯೋ, ಒಳ್ಳೆ ಮೈಕು, ವಾದ್ಯ ನುಡಿಸುವವರು ಅಂತ ಓಡಾಡಿದೆ. ಸಾಹಿತ್ಯ ಪುಸ್ತಕದಲ್ಲಿ ಭದ್ರವಾಗಿದೆಯಲ್ಲ, ಅವಸರ ಏನು ಅಂದುಕೊಂಡೆ. ಆದರೆ ಪುಸ್ತಕದಲ್ಲಿ ರಾಗ ಇರಲಿಲ್ಲ. ಮುತ್ತಜ್ಜಿಯ 14 ಹಾಡುಗಳ ರಾಗ ಪೂರ್ತಿ ಗೊತ್ತಿದ್ದದ್ದು ಅಜ್ಜಿಯ ತಂಗಿಗೆ ಮಾತ್ರ. ನಾವು ಕೊಳಲಿನವರನ್ನು ಹುಡುಕುತ್ತಿದ್ದಾಗ ಅವರು ತೀರಿಕೊಂಡರು. ದೊಡ್ಡಮ್ಮನಿಗೆ 5 ಹಾಡು ಬರುತ್ತಿತ್ತು. ಉಳಿದ 9ಕ್ಕೆ ಹೊಸ ರಾಗ ಹಾಕೋಣ ಅಂದೆ. ಅಮ್ಮ ಬೇಡ ಅಂದರು. ಅವು ಇವತ್ತಿಗೂ ಪುಸ್ತಕದಲ್ಲಿ ಹಾಗೇ ಇವೆ.

ಹಾಗಾಗಿ ಮೊದಲ ಕೆಲಸ: ರಾಗ ಯಾರಿಗೆ ಗೊತ್ತಿದೆಯೋ ಅವರ ಹತ್ತಿರ ಕೂತು ಹಾಡಿಸಿಕೊಳ್ಳಿ. ಫೋನಲ್ಲೇ ಸಾಕು. ದನಿ ನಡುಗಿದರೂ, ಮಧ್ಯೆ ಮರೆತರೂ ಪರವಾಗಿಲ್ಲ. ಒಂದು ಸಾಲು ನೆನಪಾಗದಿದ್ದರೆ "ಲಾ ಲಾ" ಅಂತಲೇ ಹಾಡಲಿ. ಜೊತೆಗೆ ಈ ಹಾಡು ಯಾವಾಗ ಬರೆದದ್ದು, ಯಾರು ಹೇಳಿಕೊಟ್ಟರು ಅನ್ನೋದನ್ನೂ ಅದೇ ರೆಕಾರ್ಡಿಂಗ್‌ನಲ್ಲಿ ಕೇಳಿ.

ಇನ್ನು ಆಲ್ಬಮ್‌ಗಾಗಿ ಹಾಡಿಸುವಾಗ. ದೊಡ್ಡಮ್ಮನಿಗೆ ಹೆಡ್‌ಫೋನ್ ಹಾಕಿ, ಕ್ಲಿಕ್ ಟ್ರ್ಯಾಕ್ (ಲಯ ತಪ್ಪದಿರಲಿ ಅಂತ ಕಿವಿಗೆ ಕೊಡುವ ತಾಳದ ಸದ್ದು) ಕೊಟ್ಟೆ. ಎರಡನೇ ಸಾಲಿಗೆ ನಿಂತುಬಿಟ್ಟರು. "ಇದು ಕಿವೀಲಿ ಟಕ್ ಟಕ್ ಅಂತಿದ್ರೆ ಹಾಡು ಎಲ್ಲಿಂದ ಬರಬೇಕು ಪುಟ್ಟಿ?" ಅಂದರು. ಕ್ಲಿಕ್ ತೆಗೆದು ತಂಬೂರಿಯ ಶ್ರುತಿ ಒಂದನ್ನೇ ಇಟ್ಟೆ. "ಇಳಿಸು. ಇನ್ನೂ ಸ್ವಲ್ಪ ಇಳಿಸು" ಅಂದರು. ಆಮೇಲೆ ಕಣ್ಣು ಮುಚ್ಚಿ ಶುರು ಮಾಡಿದರು. ಅದು ಜೋಗುಳ. ಬಲಗೈ ತಾನಾಗಿ ತೊಟ್ಟಿಲ ಹಗ್ಗ ಹಿಡಿದ ಹಾಗೆ ಮುಂದೆ ಹಿಂದೆ ಆಡುತ್ತಿತ್ತು. ಆ ಹಾಡಿನ ಲಯ ಇದ್ದದ್ದು ಆ ಕೈಯಲ್ಲಿ. ತೊಟ್ಟಿಲು ಹೋಗಿ ಬರುವಷ್ಟು ಹೊತ್ತು ಸಾಲಿನ ಕೊನೆಯಲ್ಲಿ ನಿಲ್ಲುತ್ತಿದ್ದರು. ಕ್ಲಿಕ್‌ಗೆ ಹಾಡಿದ್ದರೆ ಆ ನಿಲುಗಡೆ ಉಳಿಯುತ್ತಿರಲಿಲ್ಲ. ವಾದ್ಯದವರು ಆಮೇಲೆ ಅವರ ದನಿ ಕೇಳಿಸಿಕೊಂಡು ನುಡಿಸಿದರು. ಅವರಿಗೆ ಕಷ್ಟ ಜಾಸ್ತಿ ಆಯಿತು, ದಿನಗಳೂ ಜಾಸ್ತಿ ಹಿಡಿದವು. ಆದರೂ ಹಾಗೆಯೇ ಮಾಡಿ ಅಂತ ಕೈಮುಗಿದು ಹೇಳುತ್ತೇನೆ.

ಶ್ರುತಿಯನ್ನು ಸ್ಪೀಕರಿನಲ್ಲಿ ಹಾಕಬೇಡಿ, ಒಂದು ಕಿವಿಗೆ ಮಾತ್ರ ಕೊಡಿ. ಇಲ್ಲದಿದ್ದರೆ ಅದು ಮೈಕಿಗೂ ಬಂದು, ಆಮೇಲೆ ಬೇರೆ ಮಾಡಲು ಆಗುವುದಿಲ್ಲ. ಮೈಕು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಇರಲಿ. ಫ್ಯಾನ್ ಆರಿಸಿ. ಬಟ್ಟೆ, ಹಾಸಿಗೆ ತುಂಬಿರುವ ಕೋಣೆ ಖಾಲಿ ಹಾಲ್‌ಗಿಂತ ಎಷ್ಟೋ ವಾಸಿ, ದನಿ ಗೋಡೆಗೆ ಬಡಿದು ವಾಪಸ್ ಬರುವುದಿಲ್ಲ.

ಈಗ ಕ್ಯಾಸೆಟ್. ಮೊದಲು ಮೇಲಿನ ಅಂಚಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿದು ತೆಗೆಯಿರಿ. ಆಗ ಅಪ್ಪಿತಪ್ಪಿ ರೆಕಾರ್ಡ್ ಬಟನ್ ಒತ್ತಿ ಅಳಿಸಿಹೋಗುವ ಭಯ ಇಲ್ಲ. ಒಂದು ಸಲ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಸುತ್ತಿ, ಆಮೇಲೆ ಹಾಕಿ. ದನಿ ಮಂಕಾಗಿದ್ದರೆ ಪ್ಲೇಯರಿನ ಹೆಡ್ (ಟೇಪನ್ನು ಓದುವ ಭಾಗ) ಪಕ್ಕದಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತದೆ, ಅದು ಹೆಡ್ ಟೇಪಿಗೆ ಯಾವ ಕೋನದಲ್ಲಿ ತಾಗಬೇಕು ಅನ್ನೋದನ್ನು ಬದಲಿಸುತ್ತದೆ. ಹಾಡು ಓಡುತ್ತಿರುವಾಗಲೇ ಕೂದಲೆಳೆಯಷ್ಟು ತಿರುಗಿಸುತ್ತಾ "ಸ", "ಶ" ಅಕ್ಷರಗಳನ್ನು ಕೇಳಿ. ಅವು ಎಲ್ಲಿ ಚುರುಕಾಗುತ್ತವೋ ಅಲ್ಲಿ ನಿಲ್ಲಿಸಿ. ಕಂಪ್ಯೂಟರಿಗೆ ಹಾಕುವಾಗ 24 ಬಿಟ್, 48 ಕಿಲೋಹರ್ಟ್ಸ್‌ಗಿಂತ ಕಡಿಮೆ ಬೇಡ, ವೇವ್ ಫೈಲ್ ಇರಲಿ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಐಎಎಸ್‌ಎ ಕೂಡ ಇದನ್ನೇ ಕನಿಷ್ಠ ಅನ್ನುತ್ತದೆ. 60 ನಿಮಿಷದ ಕ್ಯಾಸೆಟ್ ಸುಮಾರು 1 ಜಿಬಿ ಆಗುತ್ತದೆ. ನಾನು ಒಂದು ಕ್ಯಾಸೆಟ್ಟನ್ನು ಹೊರಗೆ ಕೊಟ್ಟು ಮಾಡಿಸಿದ್ದೆ. ಅವರು ಕೇಳದೆಯೇ ನಾಯ್ಸ್ ತೆಗೆದು ಕೊಟ್ಟರು. ಅದರ ಜೊತೆ ಅಜ್ಜಿ ಉಸಿರು ಎಳೆದುಕೊಳ್ಳುವ ಸದ್ದೂ ಹೋಗಿತ್ತು. ಮತ್ತೆ ಮನೆಯಲ್ಲೇ ಮಾಡಿದೆ.

ಆ ಕ್ಯಾಸೆಟ್ಟಿನಲ್ಲಿ ಅಜ್ಜಿಯ ದನಿ ಎಳೇ ಹುಡುಗಿಯ ಹಾಗಿತ್ತು. ಎಲ್ಲರೂ "ಆಗ ಎಷ್ಟು ಚೆನ್ನಾಗಿತ್ತು ಅಲ್ವಾ" ಅಂದರು. ಅಮ್ಮ ಮಾತ್ರ "ಇದು ನಮ್ಮಮ್ಮನ ದನಿ ಅಲ್ಲ" ಅಂದರು. ಅವರೇ ಸರಿ, ಟೇಪಿನ ವೇಗವೇ ತಪ್ಪಿತ್ತು. ಅದು ಗೊತ್ತಾದದ್ದು ಹೀಗೆ. ಕರೆಂಟಿಗೆ ಹಾಕಿ ರೆಕಾರ್ಡ್ ಮಾಡಿದ ಟೇಪುಗಳಲ್ಲಿ ಎಷ್ಟೋ ಸಲ ಸಣ್ಣದೊಂದು ಗುಂಯ್ ಸದ್ದು ಸೇರಿಕೊಂಡಿರುತ್ತದೆ. ಕರೆಂಟು 50 ಹರ್ಟ್ಸ್ ಇರುವ ಕಡೆ ಅದೂ 50ರಲ್ಲಿ, ಅದರ ದುಪ್ಪಟ್ಟು 100ರಲ್ಲಿ ಇರಬೇಕು. ಅಡಾಸಿಟಿ ಅನ್ನೋ ಆಡಿಯೋ ಸಾಫ್ಟ್‌ವೇರಿನಲ್ಲಿ ಹಾಡು ಶುರುವಾಗುವ ಮುಂಚಿನ ಮೌನವನ್ನು ಆರಿಸಿ ಸ್ಪೆಕ್ಟ್ರಮ್ (ಎಷ್ಟು ಹರ್ಟ್ಸ್‌ನಲ್ಲಿ ಎಷ್ಟು ಸದ್ದಿದೆ ಅನ್ನೋ ಚಿತ್ರ) ತೆಗೆದರೆ 53 ಮತ್ತು 106ರಲ್ಲಿ ಇತ್ತು. ಅಂದರೆ ಟೇಪು 6% ವೇಗವಾಗಿ ಓಡುತ್ತಿತ್ತು, ಶ್ರುತಿ ಅರ್ಧ ಸ್ವರ ಮೇಲೆ ಹೋಗಿತ್ತು. ವೇಗವನ್ನು 0.943 ಪಟ್ಟಿಗೆ ಇಳಿಸಿದೆ. ಪಿಚ್ (ಶ್ರುತಿ) ಒಂದನ್ನೇ ಬದಲಿಸಬೇಡಿ, ವೇಗವನ್ನೇ ಬದಲಿಸಬೇಕು. ಇದನ್ನು ನೋಡುವಾಗ ಪ್ಲೇಯರನ್ನು ಬ್ಯಾಟರಿಯಲ್ಲಿ ಓಡಿಸಿ, ಇಲ್ಲದಿದ್ದರೆ ಈಗಿನ ಕರೆಂಟಿನ ಸದ್ದೂ ಸೇರಿ ಗೊಂದಲ ಆಗುತ್ತದೆ. ಸರಿ ಮಾಡಿದ ಮೇಲೆ ಹಾಕಿದೆ. ಅಮ್ಮ ಏನೂ ಹೇಳಲಿಲ್ಲ, ಎದ್ದು ಬಂದು ಸ್ಪೀಕರಿನ ಪಕ್ಕ ನೆಲದ ಮೇಲೆ ಕೂತರು.

ಹಳೇ ದನಿ ಇಡೋದಾ ಅಂತ ಕೇಳಿದ್ದೀರಲ್ಲ, ಇದೇ ನನ್ನ ಉತ್ತರ. ಬರೆದವರ ದನಿಯೇ ಸಿಕ್ಕಿದ್ದರೆ ಅದನ್ನು ಹಾಗೇ ಇಡಿ. ಅದರ ಮೇಲೆ ತಬಲಾ, ಕೀಬೋರ್ಡ್ ಏನೂ ಬೇಡ. ಬೇಕಾದರೆ ಅದೇ ಹಾಡನ್ನು ನೀವು ಬೇರೆಯಾಗಿ ಹಾಡಿ ಇನ್ನೊಂದು ಟ್ರ್ಯಾಕ್ ಮಾಡಿ. ಕೊನೆಗೆ ಮಾಸ್ಟರಿಂಗ್ (ಬಿಡುಗಡೆಗೆ ಮುಂಚೆ ದನಿಯನ್ನು ಕೊನೆಯದಾಗಿ ಹದ ಮಾಡುವ ಕೆಲಸ) ಮಾಡುವವರಿಗೂ ಜೋರು ಮಾಡಬೇಡಿ ಅನ್ನಿ. ಸ್ಪಾಟಿಫೈ ಹೇಗೂ ಎಲ್ಲ ಹಾಡನ್ನೂ ಮೈನಸ್ 14 ಎಲ್‌ಯುಎಫ್‌ಎಸ್ (ದನಿ ಎಷ್ಟು ಜೋರು ಅನ್ನೋದರ ಅಳತೆ) ಸುತ್ತಮುತ್ತಲಿನ ಮಟ್ಟಕ್ಕೆ ತಂದೇ ಕೇಳಿಸುತ್ತದೆ.

ಹಕ್ಕಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಆದರೆ ಬಿಡಬೇಡಿ. ಸಾಹಿತ್ಯ, ರಾಗ, ರೆಕಾರ್ಡಿಂಗ್, ಮೂರಕ್ಕೂ ಬೇರೆ ಬೇರೆ ಹಕ್ಕು. ಸಾಹಿತ್ಯ, ರಾಗದ ಹಕ್ಕು ಬರೆದವರು ತೀರಿಕೊಂಡ ಮೇಲೂ ಬರ್ನ್ ಒಪ್ಪಂದದ (ಕೃತಿಗಳ ಹಕ್ಕಿನ ಅಂತರರಾಷ್ಟ್ರೀಯ ಒಪ್ಪಂದ) ಪ್ರಕಾರ ಕನಿಷ್ಠ 50 ವರ್ಷ ಉಳಿಯುತ್ತದೆ. ಭಾರತದಲ್ಲಿ 60, ಬಹಳ ದೇಶಗಳಲ್ಲಿ 70. ಉಯಿಲು ಇಲ್ಲದಿದ್ದರೆ ಅದು ವಾರಸುದಾರರೆಲ್ಲರಿಗೂ ಸೇರುತ್ತದೆ. ಅಂದರೆ ಅಜ್ಜಿಯ ಹಾಡು ನಿಮ್ಮೊಬ್ಬರದಲ್ಲ, ಅತ್ತೆ, ಚಿಕ್ಕಪ್ಪ ಎಲ್ಲರದೂ. ಬಿಡುಗಡೆಗೆ ಮುಂಚೆ ಎಲ್ಲರಿಂದ ಒಂದು ಹಾಳೆಯ ಮೇಲೆ ಸಹಿ ಹಾಕಿಸಿಕೊಳ್ಳಿ. ಹಣ ಬಂದರೆ ಹೇಗೆ ಹಂಚಿಕೊಳ್ಳೋದು ಅನ್ನೋದನ್ನೂ ಅದರಲ್ಲೇ ಬರೆಯಿರಿ. ಬಿಡುಗಡೆ ಮಾಡುವಾಗ ಪ್ರತಿ ಹಾಡಿಗೂ ಬರೆದವರ, ರಾಗ ಹಾಕಿದವರ ಹೆಸರು ಕೇಳುತ್ತಾರೆ. ಅಲ್ಲಿ ಅಜ್ಜಿಯ ಪೂರ್ತಿ ಹೆಸರು ಹಾಕಿ. "ಸಾಂಪ್ರದಾಯಿಕ" ಅಂತ ಮಾತ್ರ ಹಾಕಬೇಡಿ. ಬರೆದವರು ಗೊತ್ತಿದ್ದೂ ಹಾಗೆ ಹಾಕೋದು ದೊಡ್ಡ ಅನ್ಯಾಯ.

ಇನ್ನೊಂದು ವಿಷಯ ನಿಮಗೆ ಖಂಡಿತ ಎದುರಾಗುತ್ತದೆ. ಒಂದೇ ಹಾಡನ್ನು ಇಬ್ಬರು ಎರಡು ಥರ ಹಾಡುತ್ತಾರೆ. ಮುತ್ತಜ್ಜಿಯ ಪುಸ್ತಕದಲ್ಲಿ "ನೀರಿಗೆ ಹೋದವಳು ನೆರಳನ್ನು ಬಿಟ್ಟಳು" ಅಂತ ಇದೆ. ದೊಡ್ಡಮ್ಮ ಹಾಡೋದು "ನೆರಳನ್ನು ತಂದಳು". ಕೇಳಿದರೆ, "ಅಮ್ಮ ಹೇಳಿಕೊಟ್ಟಿದ್ದೇ ಹಾಗೆ" ಅಂದರು. ಅಜ್ಜಿ ಬೇಕಂತಲೇ ಬದಲಿಸಿದರಾ, ಮರೆತರಾ, ಈಗ ಕೇಳೋಣ ಅಂದರೆ ಅವರಿಲ್ಲ. ಅಣ್ಣ ಪುಸ್ತಕದ್ದೇ ಸರಿ ಅಂದ. ನಾನು ಒಪ್ಪಲಿಲ್ಲ. ದೊಡ್ಡಮ್ಮ "ತಂದಳು" ಅಂತಲೇ ಹಾಡಿದರು. ಅದೇ ಹಾಡನ್ನು ಆಲ್ಬಮ್ಮಿನ ಕೊನೆಯಲ್ಲಿ ನಾನು "ಬಿಟ್ಟಳು" ಅಂತ ಹಾಡಿದ್ದೇನೆ.