ಟೆಕ್ಸಾಸ್‌ನಲ್ಲಿ ಮನೆಪಾಠ, ಮನೆಹಬ್ಬ: ಚಿಂತಾಮಣಿಯ ತಂಗಿಗೊಂದು ಉತ್ತರ

ತಂಗಿ, ನಿನ್ನ ಪ್ರಶ್ನೆ ಓದಿದೆ. ಗಂಡನ ಕೆಲಸದ ಮೇಲೆ ಚಿಂತಾಮಣಿಯಿಂದ ಡಲ್ಲಾಸ್‌ಗೆ ಬಂದಿದ್ದೀಯ, ತಂದ ಪೆಟ್ಟಿಗೆಗಳನ್ನೇ ಇನ್ನೂ ಪೂರ್ತಿ ಬಿಚ್ಚಿಲ್ಲ. ಆರು ತುಂಬಿದ ಮಗಳನ್ನು ಮನೆಯಲ್ಲೇ ಓದಿಸಿದರೆ ಕಾನೂನಿನ ತೊಡಕಿದೆಯೇ, ದಿನಕ್ಕೆ ಎಷ್ಟು ಹೊತ್ತು ಪಾಠ, ಹಬ್ಬ ಹರಿದಿನ ಹೇಗೆ, ಅಮ್ಮ ಬರುವಾಗ ಏನೇನು ತರಿಸಿಕೊಳ್ಳಲಿ ಎಂದು ಕೇಳಿದ್ದೀಯ. ನಾನು ರೇಷ್ಮೆಯ ಊರು ಶಿಡ್ಲಘಟ್ಟದ ಕಡೆಯವಳು. ಇಬ್ಬರು ಮಕ್ಕಳನ್ನೂ ಇಲ್ಲೇ ಮನೆಯಲ್ಲಿ ಓದಿಸಿದ್ದೇನೆ.

ಕಾನೂನಿನ ಬಗ್ಗೆ ಹೆದರಬೇಡ. ಟೆಕ್ಸಾಸ್‌ನಲ್ಲಿ ಮನೆಪಾಠವೂ ಒಂದು ಖಾಸಗಿ ಶಾಲೆಯ ಲೆಕ್ಕ. 1994ರಲ್ಲಿ ಲೀಪರ್ ಪ್ರಕರಣದಲ್ಲಿ ಈ ರಾಜ್ಯದ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಓದು, ಸ್ಪೆಲ್ಲಿಂಗ್, ವ್ಯಾಕರಣ, ಗಣಿತ, ಒಳ್ಳೆಯ ನಾಗರಿಕರಾಗುವ ಪಾಠ, ಈ ಐದನ್ನೂ ಪುಸ್ತಕ ಇಟ್ಟುಕೊಂಡು ಪ್ರಾಮಾಣಿಕವಾಗಿ ಕಲಿಸಿದರೆ ಸಾಕು. ಯಾರ ಅನುಮತಿಯೂ ಬೇಡ. ಈಗಾಗಲೇ ಶಾಲೆಗೆ ಸೇರಿಸಿದ್ದರೆ ಮಾತ್ರ ಬಿಡಿಸುತ್ತಿದ್ದೇವೆ ಎಂದು ಬರೆದುಕೊಡು. ಆದರೆ ಇದು ಟೆಕ್ಸಾಸ್‌ನ ಮಾತು. ನ್ಯೂಯಾರ್ಕ್, ಪೆನ್ಸಿಲ್ವೇನಿಯಾಗಳಲ್ಲಿ ಕಾಗದಪತ್ರ ಬಹಳ. ಕಂಪನಿಯವರು ಜರ್ಮನಿಗೆ ಕಳುಹಿಸಿದರೆ ಅಲ್ಲಿ ಮನೆಪಾಠಕ್ಕೆ ಅವಕಾಶವೇ ಇಲ್ಲ. ಇನ್ನೊಂದು, ನಿನ್ನದು ಎಚ್-4 ವೀಸಾ, ಗಂಡನ ಕೆಲಸದ ವೀಸಾದ ಆಧಾರದ ಮೇಲೆ ಸಿಕ್ಕಿದ್ದು. ನಿನ್ನ ಮಗಳಿಗೆ ಪಾಠ ಹೇಳುವುದು ನಿನ್ನ ಮನೆಯ ವಿಷಯ. ಕೆಲಸದ ಪರವಾನಗಿ ಕೈಗೆ ಬರುವ ತನಕ ಬೇರೆಯವರ ಮಕ್ಕಳಿಗೆ ಹಣ ಪಡೆದು ಪಾಠ ಮಾಡಬೇಡ.

ಪಾಠಕ್ಕೆ ಆ ವಯಸ್ಸಿನಲ್ಲಿ ಬೆಳಗಿನ ಹೊತ್ತು ಸಾಕು. ಬರೆದದ್ದು, ಓದಿದ್ದು ಎಲ್ಲವನ್ನೂ ತಾರೀಖು ಹಾಕಿ ಎತ್ತಿಡು, ಊರಿಗೆ ಹಿಂದಿರುಗುವ ಪ್ರಸಂಗ ಬಂದರೆ ಕೆಲಸಕ್ಕೆ ಬರುತ್ತದೆ.

ಕೈಕೆಲಸದ ಸಾಮಾನಿಗೆ ದುಡ್ಡು ಸುರಿಯಬೇಡ. ನಮ್ಮ ಮನೆಯ ದಸರಾ ಗೊಂಬೆಗಳ ಸಾಲಿನಲ್ಲಿ ಪ್ರತಿವರ್ಷ ಒಂದು ಶಿಡ್ಲಘಟ್ಟವೇ ಇರುತ್ತದೆ. ಸಾಮಾನು ಬಂದ ರಟ್ಟಿನ ಪೆಟ್ಟಿಗೆಯನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ, ಇನ್ನೊಂದು ರಟ್ಟಿನ ಮೇಲೆ ಸುರುಳಿಯಾಗಿ ನಿಲ್ಲಿಸಿ ಅಂಟಿಸಿದರೆ ಚಂದ್ರಿಕೆ, ರೇಷ್ಮೆಹುಳು ಗೂಡು ಕಟ್ಟುವ ತಟ್ಟೆ, ಸಿದ್ಧ. ಹತ್ತಿಯನ್ನು ಗಂಜಿಯಲ್ಲಿ ಅದ್ದಿ ಉಂಡೆ ಕಟ್ಟಿ ಒಣಗಿಸಿದರೆ ಗೂಡು. ಅದನ್ನು ಮಾಡುತ್ತಾ ಕೂತಾಗಲೇ ನನ್ನ ಅಪ್ಪ ಫೋನಿನಲ್ಲಿ ಮೊಮ್ಮಕ್ಕಳಿಗೆ ಹುಳುವಿನ ನಾಲ್ಕು ಜ್ವರದ, ಅಂದರೆ ಅದು ನಾಲ್ಕು ಸಲ ಪೊರೆ ಕಳಚುವ, ಕಥೆ ಹೇಳಿದರು. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ, ಹುಳು ನೂರಾರು ಮೀಟರ್ ಉದ್ದದ ಒಂದೇ ಎಳೆಯನ್ನು ಸುತ್ತಿಕೊಳ್ಳುತ್ತದೆ ಎಂದರು. ಮಗ ದಾರದ ಉಂಡೆ ಹಿಡಿದು ಹೊರಗೆ ಹೋಗಿ ಪಾರ್ಕಿಂಗ್ ಜಾಗದ ಉದ್ದಕ್ಕೂ ಅಳೆಯುತ್ತಾ ನಡೆದ. ಅವತ್ತಿನ ಗಣಿತ ಅದೇ ಆಯಿತು. ನಮ್ಮ ಸೀಮೆಯಲ್ಲಿ ಹುಟ್ಟಿದವರಿಗೆ ಪಾಠಕ್ಕೆ ಬೇರೆ ಸರಕು ಬೇಕಿಲ್ಲ, ಈ ಮಾತನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಮನೆಪಾಠದಿಂದ ಹಬ್ಬಕ್ಕೆ ದೊಡ್ಡ ಲಾಭವಿದೆ. ಯುಗಾದಿ ಮಂಗಳವಾರ ಬಂದರೆ ಮಂಗಳವಾರವೇ ಎಣ್ಣೆಸ್ನಾನ, ಬೇವು ಬೆಲ್ಲ, ಶನಿವಾರಕ್ಕೆ ಮುಂದೂಡಬೇಕಿಲ್ಲ. ಗಣಪನನ್ನು ಮಕ್ಕಳೇ ಮಣ್ಣಿನಲ್ಲಿ ಮಾಡುತ್ತಾರೆ, ಬಕೆಟ್ಟಿನಲ್ಲಿ ಬಿಟ್ಟು ಆ ನೀರನ್ನು ಕರಿಬೇವಿನ ಕುಂಡಕ್ಕೆ ಹಾಕುತ್ತೇವೆ.

ಆದರೆ ಸಂಕ್ರಾಂತಿಯ ಸಂಗತಿ ಹಾಗಲ್ಲ, ಅದನ್ನು ನೀನು ಗಮನವಿಟ್ಟು ಕೇಳು. ನಾವು ಬಂದದ್ದು ಡಿಸೆಂಬರಿನಲ್ಲಿ. ಉದ್ದನೆಯ ಕಾರಿಡಾರು, ಎರಡೂ ಕಡೆ ಮುಚ್ಚಿದ ಬಾಗಿಲು. ಮುಂದಿನ ತಿಂಗಳೇ ಹಬ್ಬ. ಅಮ್ಮ ಕೊಟ್ಟ ಮರದ ಅಚ್ಚುಗಳನ್ನು ರಾತ್ರಿಯೇ ನೆನೆಹಾಕಿದೆ. ಸಕ್ಕರೆಗೆ ನೀರು ಬೆರೆಸಿ ಕಾಯಿಸಿ, ಒಂದು ಚಮಚ ಹಾಲು ಬಿಟ್ಟು ಕಶ್ಮಲ ತೆಗೆದು, ಬಟ್ಟೆಯಲ್ಲಿ ಸೋಸಿದೆ. ಪಾಕ ಬೆಳ್ಳಗೆ ತಿರುಗುವ ಹೊತ್ತಿಗೆ ಸರಿಯಾಗಿ ಅಚ್ಚಿಗೆ ಸುರಿಯಬೇಕು, ಒಂದು ಗಳಿಗೆ ತಡವಾದರೂ ಪಾತ್ರೆಯಲ್ಲೇ ಗಟ್ಟಿಯಾಗುತ್ತದೆ, ನಿನಗೇನೂ ಹೊಸದಲ್ಲ. ಅಚ್ಚು ಬಿಡಿಸಿದಾಗ ತುಳಸಿಕಟ್ಟೆ, ಗಿಳಿ, ಕಬ್ಬು ಒಂದೂ ಮುರಿಯದೆ ಬಂದವು. ಮಗಳಿಗೆ ಆಗ ನಿನ್ನ ಮಗಳ ವಯಸ್ಸು. ಲಂಗ ಉಟ್ಟು, ತಟ್ಟೆ ಹಿಡಿದು, ಎಳ್ಳು ಬೀರಲು ಹೊರಟಳು. ಕೆಲವು ಬಾಗಿಲು ತೆರೆಯಲಿಲ್ಲ. ತೆರೆದ ಒಂದು ಮನೆಯಾಕೆ ಪೊಟ್ಟಣದಲ್ಲಿ ಏನಿದೆ ಎಂದು ಕೇಳಿ, ಎರಡು ಹೆಜ್ಜೆ ಹಿಂದೆ ಸರಿದು, ಬೇಡ ಎಂದು ಕೈಯಾಡಿಸಿದರು. ತಟ್ಟೆ ತುಂಬಿದಂತೆಯೇ ಹಿಂದಿರುಗಿತು. ಹಬ್ಬದ ದಿನ ಎಳ್ಳು ಬೇಡ ಎನ್ನುವವರನ್ನು ಅವಳೂ ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ.

ಆ ಮನೆಯ ಮಗುವಿಗೆ ಕಡಲೆಕಾಯಿ ಸೋಕಿದರೆ ಉಸಿರು ಕಟ್ಟುತ್ತಿತ್ತಂತೆ. ನಮಗೆ ತಿಳಿದದ್ದು ಬಹಳ ದಿನಗಳ ಮೇಲೆ. ಇಲ್ಲಿ ಇದು ಸಣ್ಣ ಮಾತಲ್ಲ. 2023ರ ಜನವರಿಯಿಂದ ಪೊಟ್ಟಣಗಳ ಮೇಲೆ ಕಡ್ಡಾಯವಾಗಿ ನಮೂದಿಸಬೇಕಾದ ಅಲರ್ಜಿಯ ಪದಾರ್ಥಗಳಲ್ಲಿ ಎಳ್ಳೂ ಸೇರಿದೆ. ಹಾಗಾಗಿ ಮೊದಲು ಕೇಳು, ಆಮೇಲೆ ಕೊಡು. ಈಗ ನಾವು ಸಕ್ಕರೆ ಅಚ್ಚನ್ನು ಬೇರೆ ಪಾತ್ರೆಯಲ್ಲಿ, ಎಳ್ಳು ಹುರಿಯುವ ಮೊದಲೇ ಮಾಡಿಟ್ಟುಕೊಳ್ಳುತ್ತೇವೆ. ಹಾಲು ಸೇರದ ಮಕ್ಕಳಿದ್ದರೆ ಹಾಲು ಬಿಡುವುದಿಲ್ಲ. ಏನೇನು ಹಾಕಿದೆ ಎಂದು ಮಕ್ಕಳೇ ಚೀಟಿ ಬರೆದು ಪೊಟ್ಟಣಕ್ಕೆ ಕಟ್ಟುತ್ತಾರೆ. ಆ ಮನೆಯ ಹುಡುಗ ವರ್ಷ ವರ್ಷವೂ ಗಿಳಿಯೇ ಬೇಕೆಂದು ಕೇಳಿ ಪಡೆಯುತ್ತಿದ್ದ.

ಅಲರ್ಜಿಯ ವಿಷಯಕ್ಕಿಂತ ನಾನು ನಿನಗೆ ಹೇಳಬೇಕೆಂದಿರುವುದು ಇನ್ನೊಂದು. ಊರಿನಲ್ಲಿ ಮಕ್ಕಳನ್ನು ಮನೆಯಲ್ಲೇ ಇಟ್ಟುಕೊಂಡರೂ ಬೀದಿ ಅವರನ್ನು ಎಳೆದುಕೊಳ್ಳುತ್ತದೆ. ಪಕ್ಕದ ಮನೆಯ ಅಜ್ಜಿ, ಸೊಪ್ಪು ತರುವವರು, ಚಿಕ್ಕಪ್ಪನ ಮಕ್ಕಳು, ಯಾರಾದರೊಬ್ಬರು ಬಾಗಿಲಲ್ಲಿ ಇದ್ದೇ ಇರುತ್ತಾರೆ. ಇಲ್ಲಿ ಮನೆಪಾಠ ಎಂದರೆ ನಿಜಕ್ಕೂ ನಾಲ್ಕು ಗೋಡೆ. ನಾವು ಮೊದಲ ವರ್ಷಗಳನ್ನು ಹಾಗೆಯೇ ಕಳೆದೆವು, ತೋರಣ ಕಟ್ಟಿದೆವು, ಗೊಂಬೆ ಕೂರಿಸಿದೆವು, ನೋಡಲು ಬರುವವರೇ ಇರಲಿಲ್ಲ. ಮಗಳಿಗೆ ಈಗ ಹದಿನೇಳು. ರಂಗೋಲಿ, ಹೊಲಿಗೆ, ಅಡುಗೆ ಎಲ್ಲವೂ ಅವಳ ಕೈಯಲ್ಲಿ ಅಚ್ಚುಕಟ್ಟು. ಆದರೆ ಒಬ್ಬರ ಮನೆಯ ಬಾಗಿಲು ತಟ್ಟಬೇಕೆಂದರೆ ಇಂದಿಗೂ ನನ್ನ ಮುಖ ನೋಡುತ್ತಾಳೆ. ನಮಗೆ ನಾಲ್ಕು ಮನೆಯ ಬಳಕೆ ಆದಮೇಲೆ ಹುಟ್ಟಿದ ತಮ್ಮನಿಗೆ ಆ ಅಳುಕಿಲ್ಲ, ಹೇಳದೆ ಕೇಳದೆ ನುಗ್ಗುತ್ತಾನೆ. ಇಬ್ಬರನ್ನೂ ಒಟ್ಟಿಗೆ ನೋಡಿದಾಗೆಲ್ಲ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆದ್ದರಿಂದ ಪುಸ್ತಕ ಕೊಳ್ಳುವ ಮೊದಲು ಜನರನ್ನು ಹುಡುಕು. ಈ ವಾರವೇ ಸಾರ್ವಜನಿಕ ಗ್ರಂಥಾಲಯದ ಕಾರ್ಡು ಮಾಡಿಸಿಕೊಂಡು ಮಕ್ಕಳಿಗೆ ಕಥೆ ಹೇಳುವ ವೇಳೆಗೆ ಹೋಗಿ ಕೂರು. ಮನೆಪಾಠದ ತಾಯಂದಿರು ವಾರಕ್ಕೊಮ್ಮೆ ಪಾರ್ಕಿನಲ್ಲಿ ಸೇರುತ್ತಾರೆ, ಅಲ್ಲಿ ಇಂಗ್ಲಿಷ್ ತಡವರಿಸಿದರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಕನ್ನಡ ಸಂಘವನ್ನು ಬರೀ ರಾಜ್ಯೋತ್ಸವಕ್ಕೆ ಇಟ್ಟುಕೊಳ್ಳಬೇಡ. ಎಲ್ಲ ಹೊಂದಿಕೊಂಡ ಮೇಲೆ ಹೋಗೋಣ ಎಂದು ಕೂತರೆ ಮಗಳು ಬೆಳೆದುಬಿಡುತ್ತಾಳೆ.

ಅಮ್ಮನ ಕೈಯಲ್ಲಿ ಮರದ ಅಚ್ಚು, ರಂಗೋಲಿ ಡಬ್ಬಿ, ಕಾಗುಣಿತದ ಪುಸ್ತಕ ತರಿಸಿಕೊ. ಬೀಜ, ಹಸಿ ಸೊಪ್ಪು, ಹಣ್ಣು ಬೇಡ, ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ. ತಿನ್ನುವ ಪದಾರ್ಥ ಏನೇ ಇದ್ದರೂ ಕಸ್ಟಮ್ಸ್‌ನವರಿಗೆ ಮುಚ್ಚಿಡದೆ ಹೇಳಲಿ. ರಾಗಿ ಹಿಟ್ಟು ಇಲ್ಲಿನ ಅಂಗಡಿಯಲ್ಲೇ ಸಿಗುತ್ತದೆ.